ಸಿಂಗಾಪುರ ಸುತ್ತಿ ಬಂದ ಕೆಪಾಸಿಟರ್: ಸಿರಸ್ ಎಲೆಕ್ಟ್ರಾನಿಕ್ಸ್ ಕೇಸಿನ ಫೈಲು

ಎಕ್ಸ್‌ಪೋರ್ಟ್ ಕಂಟ್ರೋಲ್ ಪ್ರಾಕ್ಟೀಸ್ ಮಾಡ್ತೀನಿ ಅಂದ್ರೆ ಬೆಂಗಳೂರಲ್ಲಿ ಇವತ್ತಿಗೂ ಎಷ್ಟೋ ವಕೀಲ ಮಿತ್ರರಿಗೆ ಅದು ಕಸ್ಟಮ್ಸ್ ಡ್ಯೂಟಿ ವ್ಯವಹಾರ ಅಂತ್ಲೇ ಅನ್ಸುತ್ತೆ. ಡ್ಯೂಟಿ ಎಷ್ಟು ಕಟ್ಬೇಕು ಅನ್ನೋದು ಬೇರೆ ತಲೆನೋವು. ನಮ್ಮ ಕೆಲಸದಲ್ಲಿ ಕೇಳೋದು, ಈ ಸಾಮಾನು ಆ ದೇಶ ಬಿಟ್ಟು ಹೊರಡಬಹುದಾ, ಹೊರಟ್ರೆ ಕೊನೆಗೆ ಯಾರ ಕೈ ಸೇರುತ್ತೆ, ಅವ್ರು ಅದನ್ನ ಎಲ್ಲಿ ಕೂರಿಸ್ತಾರೆ. ಜೂನಿಯರ್ಸ್ ಸೇರಿದಾಗ ನಾನು ಮೊದಲು ಓದೋಕೆ ಕೊಡೋದು ದೊಡ್ಡ ದೊಡ್ಡ ಟೆಲಿಕಾಂ ಕಂಪನಿ, ಬ್ಯಾಂಕುಗಳ ಶತಕೋಟಿ ಡಾಲರ್ ದಂಡದ ಕೇಸು ಅಲ್ಲ. ಅಲ್ಲಿ ನೂರಾರು ವಕೀಲರು, ಸಾವಿರಾರು ಪುಟ, ನಮ್ಮ ಪೀಣ್ಯ, ಎಸ್.ಪಿ. ರೋಡ್ ಗಿರಾಕಿಗೆ ಅದರಿಂದ ಏನೂ ಸಿಗಲ್ಲ. ನಾನು ಕೊಡೋದು ಸಿರಸ್ ಎಲೆಕ್ಟ್ರಾನಿಕ್ಸ್ ಅನ್ನೋ ಒಂದು ಸಣ್ಣ ಕಂಪನಿಯ ಹಳೇ ಕೇಸು (ಆಡಿಯೋ ಚಿಪ್ ಮಾಡೋ ಸಿರಸ್ ಲಾಜಿಕ್ ಅಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ). ಕಾರಣ ಇಷ್ಟೇ, ಇದರಲ್ಲಿ ಮಾಲು ಕೊಂಡವರು ನಮ್ಮವರು, ಕಂಪನಿಗೆ ಬೆಂಗಳೂರಲ್ಲೂ ಆಫೀಸ್ ಇತ್ತು, ಮತ್ತೆ ಈ ಕೇಸ್ ಕಥೆ ಕೇಳಿದ ಪ್ರತಿಯೊಬ್ಬ ಟ್ರೇಡರ್ರೂ "ಅಯ್ಯೋ ಇದರಲ್ಲೇನು ಸಾರ್ ತಪ್ಪು" ಅಂತಾನೇ ಶುರು ಮಾಡ್ತಾರೆ.

ನಡೆದಿದ್ದು ಏನು ಅಂತ ಮೊದಲು ಹೇಳ್ಬಿಡ್ತೀನಿ.

ಸಿರಸ್‌ಗೆ ಮೂರು ಕಡೆ ಆಫೀಸು: ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದ ಸಿಂಪ್ಸನ್‌ವಿಲ್ ಅನ್ನೋ ಸಣ್ಣ ಊರು, ಸಿಂಗಾಪುರ, ಬೆಂಗಳೂರು. ವ್ಯಾಪಾರ ಏನಪ್ಪಾ ಅಂದ್ರೆ ಅಮೆರಿಕನ್ ಕಂಪನಿಗಳಿಂದ ಎಲೆಕ್ಟ್ರಾನಿಕ್ ಬಿಡಿಭಾಗ ಕೊಂಡು ಭಾರತಕ್ಕೆ ಮಾರೋದು. ಸ್ಟ್ಯಾಟಿಕ್ ರ‍್ಯಾಮ್ ಮೆಮೊರಿ ಚಿಪ್, ಕೆಪಾಸಿಟರ್, ರೆಸಿಸ್ಟರ್, ರೆಕ್ಟಿಫೈಯರ್, ಸೆಮಿಕಂಡಕ್ಟರ್, ಇಂಥವು. ಕೊಂಡವರು ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ, ಅಂದ್ರೆ ಇಸ್ರೋದವರು ರಾಕೆಟ್ ಮಾಡೋ ಜಾಗ, ಇನ್ನೊಂದು ಕ್ಷಿಪಣಿ ತಯಾರಿಸೋ ಹೈದರಾಬಾದಿನ ಭಾರತ್ ಡೈನಾಮಿಕ್ಸ್. ಇವೆರಡರ ಜೊತೆಗೆ ಬೆಂಗಳೂರಿನ ಎಡಿಇ, ಡಿಆರ್‌ಡಿಒದ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್, ಸುರಂಜನ್ ದಾಸ್ ರೋಡಲ್ಲಿ ಓಡಾಡೋರಿಗೆ ಗೇಟ್ ನೋಡಿ ಗೊತ್ತಿರುತ್ತೆ, ಅಲ್ಲಿಗೆ ತೇಜಸ್ ವಿಮಾನಕ್ಕೆ ಬೇಕಾದ ಐ960 ಅನ್ನೋ ಮೈಕ್ರೋಪ್ರೊಸೆಸರ್. ಅಮೆರಿಕ ಸರ್ಕಾರದ ಪ್ರಕಾರ ಇದೆಲ್ಲ ನಡೆದಿದ್ದು 2002ರಿಂದ 2006ರ ಒಳಗೆ. ಬೇಕಾದ ಲೈಸೆನ್ಸ್ ಯಾವುದಕ್ಕೂ ಇರ್ಲಿಲ್ಲ. 2007ರ ಮಾರ್ಚ್‌ನಲ್ಲಿ ಮಾಲೀಕರ ಅರೆಸ್ಟ್ ಆಯ್ತು, ಅವರ ಜೊತೆ ಕಂಪನಿಯ ಇಂಟರ್‌ನ್ಯಾಷನಲ್ ಸೇಲ್ಸ್ ಮ್ಯಾನೇಜರ್, ಸಿಂಗಾಪುರ ಮತ್ತು ಬೆಂಗಳೂರು ಕಡೆಯ ಇಬ್ಬರು ಅಂತ ಒಟ್ಟು ನಾಲ್ಕು ಜನರ ಮೇಲೆ ವಾಷಿಂಗ್ಟನ್ ಡಿ.ಸಿ. ಫೆಡರಲ್ ಕೋರ್ಟಲ್ಲಿ ಆರೋಪಪಟ್ಟಿ. ಸೇಲ್ಸ್ ಮ್ಯಾನೇಜರ್ 2007ರ ಅಕ್ಟೋಬರ್‌ನಲ್ಲಿ ತಪ್ಪೊಪ್ಪಿಕೊಂಡ್ರು, ಮಾಲೀಕರು 2008ರ ಮಾರ್ಚ್‌ನಲ್ಲಿ. ಜೂನ್‌ನಲ್ಲಿ ಮಾಲೀಕರಿಗೆ 35 ತಿಂಗಳು ಜೈಲು, 60,000 ಡಾಲರ್ ದಂಡ ಆಯ್ತು. ಆಗಸ್ಟ್‌ನಲ್ಲಿ ಮ್ಯಾನೇಜರ್‌ಗೆ ನಾಲ್ಕು ವರ್ಷ ಪ್ರೊಬೇಷನ್, ಅಂದ್ರೆ ಜೈಲಿಲ್ದೆ ಕೋರ್ಟಿನ ನಿಗಾದಲ್ಲಿ ಇರೋದು, 5,000 ಡಾಲರ್ ದಂಡ.

ಈಗ ಇದನ್ನ ಬಿಚ್ಚಿ ನೋಡೋಣ.

ಎರಡು ಬೇರೆ ಬೇರೆ ಬೀಗ

1998ರ ಮೇನಲ್ಲಿ ಪೋಖ್ರಾನ್ ಸ್ಫೋಟ ಆಯ್ತಲ್ಲ, ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ತನ್ನ ಎಂಟಿಟಿ ಲಿಸ್ಟ್ ಅನ್ನೋ ಪಟ್ಟಿಗೆ ಭಾರತ, ಪಾಕಿಸ್ತಾನದ ಸಂಸ್ಥೆಗಳನ್ನ ರಾಶಿ ರಾಶಿ ಸೇರಿಸ್ತು. ನಮ್ಮ ಎಚ್‌ಎಎಲ್, ಬಿಇಎಲ್, ಇಸ್ರೋ, ಡಿಆರ್‌ಡಿಒ ಲ್ಯಾಬುಗಳು, ಹೆಚ್ಚುಕಮ್ಮಿ ಬೆಂಗಳೂರಿನ ಅರ್ಧ ಪಬ್ಲಿಕ್ ಸೆಕ್ಟರ್ ಅದರಲ್ಲಿತ್ತು. ಈ ಪಟ್ಟಿ ಕೆಲಸ ಮಾಡೋ ರೀತಿ ಜನಕ್ಕೆ ತಲೆಗೆ ಹತ್ತೋದು ಕಷ್ಟ, ಯಾಕಂದ್ರೆ ಇದು ವಸ್ತುಗಳ ಪಟ್ಟಿ ಅಲ್ಲ, ಗಿರಾಕಿಗಳ ಪಟ್ಟಿ. ಒಂದು ಮಾಮೂಲಿ ಬಿಡಿಭಾಗ ಜಯನಗರದ ಒಬ್ಬ ಟಿವಿ ರಿಪೇರಿಯವರಿಗೆ ಯಾವ ಲೈಸೆನ್ಸೂ ಇಲ್ದೆ ಬರುತ್ತೆ, ಅದೇ ಭಾಗ ಪಟ್ಟಿಯಲ್ಲಿರೋ ಲ್ಯಾಬಿಗೆ ಹೋಗ್ಬೇಕು ಅಂದ್ರೆ ವಾಷಿಂಗ್ಟನ್ನಿಂದ ಅನುಮತಿ ಬೇಕಾಗಬಹುದು. 2001ರ ಸೆಪ್ಟೆಂಬರ್‌ನಲ್ಲಿ ಬುಷ್ ಸರ್ಕಾರ ಪೋಖ್ರಾನ್ ನಿರ್ಬಂಧಗಳನ್ನ ಕೈಬಿಟ್ಟು ಪಟ್ಟಿಯನ್ನೂ ಸಣ್ಣದು ಮಾಡ್ತು, ಆದ್ರೆ ರಾಕೆಟ್ಟು ಕ್ಷಿಪಣಿ ಕಡೆಯವರನ್ನ ಹಾಗೇ ಇಟ್ಕೊಂಡ್ರು. ವಿಕ್ರಂ ಸಾರಾಭಾಯಿ ಕೇಂದ್ರ, ಭಾರತ್ ಡೈನಾಮಿಕ್ಸ್ ಎರಡೂ ಉಳಿದವರ ಸಾಲಿನಲ್ಲಿ ಇದ್ವು. ಇದು ಮೊದಲನೇ ಬೀಗ.

ಎರಡನೇದು ಎಡಿಇ ಕಡೆಯದ್ದು, ಅದು ಪೂರ್ತಿ ಬೇರೆ ಕಾನೂನು. ಮಿಲಿಟರಿ ಸಾಮಾನಿಗೆ ಅಮೆರಿಕದಲ್ಲಿ ಆರ್ಮ್ಸ್ ಎಕ್ಸ್‌ಪೋರ್ಟ್ ಕಂಟ್ರೋಲ್ ಆ್ಯಕ್ಟ್ ಅಂತ ಇದೆ, ಅದರ ಲೈಸೆನ್ಸ್ ಕೊಡೋದು ವಾಣಿಜ್ಯ ಇಲಾಖೆ ಅಲ್ಲ, ವಿದೇಶಾಂಗ ಇಲಾಖೆ. ಅಲ್ಲಿ ಇರೋದು ವಸ್ತುಗಳ ಪಟ್ಟಿ, ಯುಎಸ್ ಮ್ಯುನಿಷನ್ಸ್ ಲಿಸ್ಟ್. ಸಾಮಾನು ಆ ಪಟ್ಟಿಯಲ್ಲಿ ಇದ್ರೆ ಕೊಳ್ಳೋರು ಯಾರಾದ್ರೂ ಸರಿ, ಹೆಚ್ಚುಕಮ್ಮಿ ಯಾವ ದೇಶ ಆದ್ರೂ ಸರಿ, ಮೊದಲು ಕೇಳಿಕೊಂಡೇ ಕಳಿಸ್ಬೇಕು. ಐ960 ಇಂಟೆಲ್‌ನವರು ಎಂಬತ್ತರ ದಶಕದ ಕೊನೆಗೆ ತಂದ 32 ಬಿಟ್ ಪ್ರೊಸೆಸರ್ ಕುಟುಂಬ, ಅದು ಮಾಮೂಲಿ ಯಂತ್ರಗಳಲ್ಲೂ ಬರ್ತಿತ್ತು, ಮಿಲಿಟರಿ ದರ್ಜೆಯ ಮಾದರಿಗಳೂ ಇದ್ವು. ತೇಜಸ್ಸಿಗೆ ಹೋಗಿದ್ದಕ್ಕೆ ಬೇಕಿದ್ದದ್ದು ವಿದೇಶಾಂಗ ಇಲಾಖೆ ಲೈಸೆನ್ಸು.

ಒಂದೇ ಕಂಪನಿ, ಒಂದೇ ಗೋಡೌನು, ಬಹುಶಃ ಒಂದೇ ಕೊರಿಯರ್ ಅಕೌಂಟು, ಆದ್ರೆ ಒಂದು ಡಬ್ಬಕ್ಕೆ ತಡೆ ಇರೋದು ಗಿರಾಕಿ ಕಾರಣಕ್ಕೆ, ಪಕ್ಕದ ಡಬ್ಬಕ್ಕೆ ವಸ್ತು ಕಾರಣಕ್ಕೆ. ನನ್ನ ಹತ್ರ ಬರೋ ಹತ್ತರಲ್ಲಿ ಎಂಟು ಜನ ಕೇಳೋದು ಒಂದೇ ಪ್ರಶ್ನೆ, "ಈ ಪಾರ್ಟ್ ಬ್ಯಾನ್ ಆಗಿದ್ಯಾ ಸಾರ್?" ಪಾರ್ಟ್ ನಂಬರ್ ಕೊಟ್ಟು ಹೌದು ಅಲ್ಲ ಅನ್ನೋ ಉತ್ತರ ಬೇಕು ಅವ್ರಿಗೆ. ಆ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ರೆ ಸಿರಸ್‌ನ ಕೆಪಾಸಿಟರ್ರು ರೆಸಿಸ್ಟರ್ರು ಎಷ್ಟೋ ಪಾಸಾಗಿಬಿಡ್ತಿದ್ವೇನೋ.

ತೇಜಸ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಈ ವಿಮಾನದ ಫ್ಲೈಟ್ ಕಂಟ್ರೋಲ್ ಕೆಲಸಕ್ಕೆ ನಮ್ಮ ಎಂಜಿನಿಯರ್‌ಗಳು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಲಾಕ್‌ಹೀಡ್ ಮಾರ್ಟಿನ್ ಜೊತೆ ಕೂತಿದ್ದಾಗ್ಲೇ ಪೋಖ್ರಾನ್ ಆಯ್ತು, ಅವ್ರನ್ನ ವಾಪಸ್ ಕಳಿಸಿದ್ರು, ಉಳಿದ ಕೆಲಸ ಇಲ್ಲೇ ಮುಗಿಸಿ 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಹಾರಿಸಿದ್ರು. ಇದು ಗೊತ್ತಿರೋ ಯಾವ ಬೆಂಗಳೂರಿನವನಿಗೂ ಎಡಿಇಗೆ ಚಿಪ್ ತಂದುಕೊಟ್ಟವನ ಮೇಲೆ ಸಿಟ್ಟು ಬರಲ್ಲ, ನನಗೂ ಬರಲ್ಲ. ಹಾಗಂತ ಸೌತ್ ಕ್ಯಾರೊಲೈನಾದಲ್ಲಿ ಕೂತು ವ್ಯಾಪಾರ ಮಾಡೋ ಕಂಪನಿ ಅಲ್ಲಿನ ಕಾನೂನಿಗೆ ಒಳಪಟ್ಟಿರುತ್ತೆ, ಅಲ್ಲಿನ ಕೋರ್ಟಲ್ಲಿ ನಮ್ಮ ದೇಶಾಭಿಮಾನ ಸಾಕ್ಷಿ ಅಲ್ಲ.

ಸಿಂಗಾಪುರ ಯಾಕೆ ಉಳಿಸ್ಲಿಲ್ಲ

ದಾರಿ ಹೀಗಿತ್ತು. ಅಮೆರಿಕದ ಮಾರಾಟಗಾರರಿಂದ ಸಾಮಾನು ಕೊಳ್ಳೋದು, ಕೊನೆಯ ಬಳಕೆದಾರ ಯಾರು ಅನ್ನೋದರ ಬಗ್ಗೆ ಸುಳ್ಳು ಕಾಗದ ಕೊಡೋದು, ಸಿಂಗಾಪುರ ಆಫೀಸಿಗೆ ಕಳಿಸೋದು, ಅಲ್ಲಿಂದ ಭಾರತಕ್ಕೆ. ಅಮೆರಿಕ ಬಿಡೋವಾಗ ನೋಡಿದವರಿಗೆ ಅದು ಸಿಂಗಾಪುರದ ಸಾಮಾನು.

ಟ್ರೇಡರ್‌ಗಳ ಲೆಕ್ಕಾಚಾರ ಇಲ್ಲಿ ಹೇಗಿರುತ್ತೆ ಅಂದ್ರೆ, "ಅಮೆರಿಕದಿಂದ ಸಿಂಗಾಪುರಕ್ಕೆ ಒಂದು ಇನ್‌ವಾಯ್ಸು, ಕ್ಲೀನ್. ಸಿಂಗಾಪುರದಿಂದ ಇಂಡಿಯಾಕ್ಕೆ ಇನ್ನೊಂದು ಇನ್‌ವಾಯ್ಸು, ಅದಕ್ಕೂ ಅಮೆರಿಕಕ್ಕೂ ಏನು ಸಂಬಂಧ?" ಅಮೆರಿಕದ ಎಕ್ಸ್‌ಪೋರ್ಟ್ ನಿಯಮ ಈ ಎರಡು ಇನ್‌ವಾಯ್ಸನ್ನ ಹೊಲಿದು ಒಂದು ಮಾಡಿ ನೋಡುತ್ತೆ. ನಡುವೆ ಯಾವ ದೇಶ ಹಾದು ಹೋದ್ರೂ, ಹೋಗೋ ಜಾಗ ಭಾರತ ಅಂತ ಮೊದಲೇ ಗೊತ್ತಿದ್ರೆ ಅದು ಭಾರತಕ್ಕೆ ಮಾಡಿದ ಎಕ್ಸ್‌ಪೋರ್ಟೇ. ಇನ್ನೊಂದು ವಿಷಯ, ಅಮೆರಿಕದಲ್ಲಿ ತಯಾರಾದ ವಸ್ತು ಎಲ್ಲಿಗೆ ಹೋದ್ರೂ ಆ ನಿಯಮ ಅದರ ಬೆನ್ನಿಗೇ ಹೋಗುತ್ತೆ, ಸಿಂಗಾಪುರದ ಶೆಲ್ಫಲ್ಲಿ ಆರು ತಿಂಗಳು ಇಟ್ಟು ಆಮೇಲೆ ಕಳಿಸಿದ್ರೆ ಅದಕ್ಕೆ ರೀ-ಎಕ್ಸ್‌ಪೋರ್ಟ್ ಅಂತಾರೆ, ಅದಕ್ಕೂ ಅಷ್ಟೇ ಲೈಸೆನ್ಸ್ ಬೇಕು. ದುಬೈ, ಹಾಂಕಾಂಗ್, ಎಲ್ಲಿ ಇಟ್ರೂ ಇದೇ.

ಆ ಎಂಡ್ ಯೂಸ್ ಕಾಗದ ಹೇಗಿರುತ್ತೆ ಅಂತ ನೋಡಿರದವರಿಗೆ ಹೇಳ್ತೀನಿ, ಯಾಕಂದ್ರೆ ಇಡೀ ಕೇಸು ಕೂತಿರೋದು ಅಲ್ಲೇ. ಹೆಚ್ಚು ಅಂದ್ರೆ ಎರಡು ಪುಟ. ಖರೀದಿದಾರ ಯಾರು ಅಂತ ಒಂದು ಬಾಕ್ಸು, ನಡುವೆ ಸಾಮಾನು ಇಳಿಸಿಕೊಳ್ಳೋರು ಯಾರು ಅಂತ ಒಂದು, ಕೊನೆಗೆ ಸ್ವೀಕರಿಸೋರು ಯಾರು ಅಂತ ಒಂದು, ಎಂಡ್ ಯೂಸರ್ ಅವರೇನಾ ಬೇರೆಯವರಾ ಅಂತ ಮತ್ತೊಂದು. ಕೆಳಗೆ "ನಿರ್ದಿಷ್ಟ ಬಳಕೆ" ಅಂತ ನಾಲ್ಕು ಗೆರೆ ಜಾಗ. ಅದರ ಕೆಳಗೆ ಕ್ಷಿಪಣಿ, ಪರಮಾಣು, ರಾಸಾಯನಿಕ ಅಸ್ತ್ರಕ್ಕೆ ಬಳಸಲ್ಲ, ಅನುಮತಿ ಇಲ್ದೆ ಬೇರೆಯವ್ರಿಗೆ ಕೊಡಲ್ಲ ಅಂತ ಒಂದು ಉದ್ದದ ಪ್ಯಾರಾ, ಸಹಿ, ಹುದ್ದೆ, ಸೀಲು. ನಮ್ಮ ಕಡೆ ಇದನ್ನ ತುಂಬೋದು ಯಾರು? ಪರ್ಚೇಸ್ ಸೆಕ್ಷನ್ನಲ್ಲಿರೋ ಹುಡುಗ ಅಥವಾ ಹುಡುಗಿ, ಹಿಂದಿನ ಆರ್ಡರಿನ ಪಿಡಿಎಫ್ ತೆಗೆದು ತಾರೀಕು ಬದಲಾಯಿಸಿ. ನಿರ್ದಿಷ್ಟ ಬಳಕೆ ಜಾಗದಲ್ಲಿ "ಇಂಡಸ್ಟ್ರಿಯಲ್ ಯೂಸ್" ಅಂತ ಎರಡು ಪದ. ಎಂಡ್ ಯೂಸರ್ ಜಾಗದಲ್ಲಿ ತಮ್ಮದೇ ಕಂಪನಿ ಹೆಸರು. ಇದು ಸೋಮಾರಿತನ ಆಯ್ತು, ಇದಕ್ಕೂ ತೊಂದರೆ ಇದೆ. ಸಿರಸ್‌ನದು ಸೋಮಾರಿತನ ಅಲ್ಲ, ಗೊತ್ತಿದ್ದೂ ಬೇರೆ ಹೇಳಿದ್ದು.

ಗೊತ್ತಿತ್ತಾ ಇಲ್ವಾ ಅನ್ನೋದು ಈ ಕಾನೂನಿನ ಜೀವ. ಅಮೆರಿಕದ ನಿಯಮದಲ್ಲಿ ತಿಳಿವಳಿಕೆ ಅಂದ್ರೆ ಖಚಿತವಾಗಿ ಗೊತ್ತಿರೋದು ಮಾತ್ರ ಅಲ್ಲ, ಹೀಗಿರೋ ಸಾಧ್ಯತೆ ಜಾಸ್ತಿ ಇದೆ ಅಂತ ಅರಿವಿದ್ರೂ ತಿಳಿವಳಿಕೆಯೇ, ಬೇಕು ಅಂತ ಕಣ್ಣು ಮುಚ್ಚಿಕೊಂಡ್ರೂ ತಿಳಿವಳಿಕೆಯೇ. "ಗಿರಾಕಿ ಏನು ಮಾಡ್ತಾನೋ ನಾವು ಕೇಳಲ್ಲ ಸಾರ್, ಅದು ನಮ್ಮ ಪಾಲಿಸಿ" ಅಂತ ಒಬ್ಬರು ಹೆಮ್ಮೆಯಿಂದ ಹೇಳಿದ್ರು ನನಗೆ. ಇದಕ್ಕಿಂತ ಕೆಟ್ಟ ಪಾಲಿಸಿ ಇನ್ನೊಂದಿಲ್ಲ. ಇನ್ನು ಕ್ರಿಮಿನಲ್ ಕೇಸಿಗೆ ಬೇಕಾದ ದುರುದ್ದೇಶ ಎಲ್ಲಿಂದ ಸಿಗುತ್ತೆ? ಸುತ್ತು ದಾರಿಯಿಂದಾನೇ. ತಪ್ಪು ಅಂತ ಗೊತ್ತಿಲ್ದಿದ್ರೆ ಸುಳ್ಳು ಕಾಗದ ಯಾಕೆ ಕೊಟ್ರಿ, ನೇರ ಬೆಂಗಳೂರಿಗೆ ಬರೋ ವಿಮಾನ ಬಿಟ್ಟು ಸಿಂಗಾಪುರದಲ್ಲಿ ಯಾಕೆ ಇಳಿಸಿದ್ರಿ ಅಂತ ಪ್ರಾಸಿಕ್ಯೂಟರ್ ಕೇಳಿದ್ರೆ ಉತ್ತರ ಇಲ್ಲ. ಬಚಾವಾಗೋಕೆ ಹುಡುಕಿದ ದಾರಿಯೇ ಅವ್ರ ವಿರುದ್ಧದ ಮುಖ್ಯ ಪುರಾವೆ ಆಗಿಬಿಡ್ತು. ಟ್ರೇಡರ್‌ಗಳಿಗೆ ನಾನು ಈ ಕೇಸು ಹೇಳೋದು ಮುಖ್ಯವಾಗಿ ಇದೊಂದಕ್ಕೆ.

ಜೈಲಿಗೆ ಹೋದವರು ಯಾರು ಅಂತ ನೋಡಿ

ಈ ವ್ಯವಹಾರದಲ್ಲಿ ಮೂರು ಕಡೆ ಜನ ಇದ್ರು. ಸಾಮಾನು ಮಾರಿದ ಅಮೆರಿಕನ್ ಕಂಪನಿಗಳು, ಕೊಂಡ ಭಾರತ ಸರ್ಕಾರದ ಸಂಸ್ಥೆಗಳು, ನಡುವೆ ಸಿರಸ್. ಮಾರಿದವರು ಕಾಗದ ಕೇಳಿದ್ರು, ಕಾಗದ ಬಂತು, ಅದನ್ನ ನಂಬಿದ್ರು, ಕೋರ್ಟಿನ ಕಣ್ಣಲ್ಲಿ ಅವ್ರು ಮೋಸ ಹೋದವರು. ಕೊಂಡವರು ಇನ್ನೊಂದು ದೇಶದ ಸರ್ಕಾರ, ಅವ್ರ ಕೈಗೆ ಯಾರೂ ಕೋಳ ಹಾಕಲ್ಲ. ಉಳಿದಿದ್ದು ನಡುವೆ ಸಹಿ ಹಾಕಿದವರು. ನಾನು ಓದಿರೋ ಈ ಥರದ ಕೇಸುಗಳಲ್ಲಿ ಹೆಚ್ಚಿನವು ಹೀಗೇ ಮುಗಿಯೋದು, ಲಾಭದಲ್ಲಿ ಮಧ್ಯದವನ ಪಾಲು ಸಣ್ಣ ಮಾರ್ಜಿನ್ನು, ಅಪಾಯದಲ್ಲಿ ಹೆಚ್ಚುಕಮ್ಮಿ ಎಲ್ಲಾ ಅವನದ್ದೇ. ಸರ್ಕಾರಿ ಟೆಂಡರ್ ಹಿಡಿದವರಿಗೆ ಇದು ಗೊತ್ತಾಗೋದೇ ಇಲ್ಲ, "ಡಿಪಾರ್ಟ್‌ಮೆಂಟ್ ನಮ್ಮ ಹಿಂದೆ ಇದೆ" ಅಂತ ಒಂದು ಧೈರ್ಯ. ಇಂಡೆಂಟ್, ಅಂದ್ರೆ ಸಾಮಾನು ಬೇಕು ಅನ್ನೋ ಬೇಡಿಕೆ, ಹಾಕಿದ ಆಫೀಸರ್ ನಿಮ್ಮ ಪರವಾಗಿ ವಾಷಿಂಗ್ಟನ್ ಕೋರ್ಟಿಗೆ ಬಂದು ಹೇಳಿಕೆ ಕೊಡ್ತಾರಾ? ಕೊಟ್ರೂ ಅದು ನಿಮಗೆ ಅನುಕೂಲ ಅಂತ ಯಾಕೆ ಅಂದ್ಕೋತೀರಿ?

ಅನುಕೂಲ ಆಗೋ ಬದಲು ಉಲ್ಟಾ ಹೊಡೆದಿದ್ದು ಆರೋಪಪಟ್ಟೀಲಿ ಕಾಣುತ್ತೆ. ಎಕ್ಸ್‌ಪೋರ್ಟ್ ಆರೋಪಗಳ ಜೊತೆ ಇನ್ನೊಂದು ಸೇರಿಸಿದ್ರು, ಅಮೆರಿಕ ಸರ್ಕಾರಕ್ಕೆ ತಿಳಿಸದೇ ವಿದೇಶಿ ಸರ್ಕಾರದ ಏಜೆಂಟ್ ಆಗಿ ಕೆಲಸ ಮಾಡಿದ್ರು ಅಂತ. ಗೂಢಚಾರಿಕೆ ಕೇಸುಗಳಲ್ಲಿ ಬಳಸೋ ಕಲಮು ಅದು. ಗಿರಾಕಿ ಸರ್ಕಾರ ಆಗಿದ್ದಕ್ಕೇ ಆ ಬಾಗಿಲು ತೆರೆದಿದ್ದು, ಖಾಸಗಿ ಕಾರ್ಖಾನೆಗೆ ಅದೇ ಸಾಮಾನು ಕೊಟ್ಟಿದ್ರೆ ಆ ಆರೋಪಕ್ಕೆ ಜಾಗವೇ ಇರ್ತಿರ್ಲಿಲ್ಲ.

ಕೊನೆಗೆ ಮಾಲೀಕರು ಒಪ್ಪಿಕೊಂಡಿದ್ದು ಒಳಸಂಚಿನ ಆರೋಪ. ಅಮೆರಿಕದ ಮಾಮೂಲಿ ಒಳಸಂಚು ಕಾನೂನಲ್ಲಿ ಗರಿಷ್ಠ ಶಿಕ್ಷೆ ಐದು ವರ್ಷ. ಎಕ್ಸ್‌ಪೋರ್ಟ್ ಕಾನೂನುಗಳನ್ನ ಒಂದೊಂದು ಸಾಗಣೆಗೂ ಹಚ್ಚಿ ಟ್ರಯಲ್ ನಡೆಸಿದ್ರೆ ಲೆಕ್ಕ ಎಲ್ಲಿಗೋ ಹೋಗ್ತಿತ್ತು, ಆ ಹೊತ್ತಿಗೆ ಇಂಥ ಕೇಸಿಗೆ ಹಚ್ಚೋ ಐಈಪಾ ಅನ್ನೋ ಕಾನೂನಿನ ಗರಿಷ್ಠ ಶಿಕ್ಷೆಯನ್ನ 20 ವರ್ಷಕ್ಕೆ ಏರಿಸಿ ಆಗಿತ್ತು. 35 ತಿಂಗಳು ಅನ್ನೋದು ಆ ದೃಷ್ಟಿಲಿ ವಕೀಲರು ಮಾಡಿದ ಒಳ್ಳೆ ಕೆಲಸ ಅಂತಾನೇ ನನ್ನ ಅಭಿಪ್ರಾಯ. ಐಈಪಾ ಅಂದಿದ್ದಕ್ಕೆ ಒಂದು ಕಾನೂನು ಕೌತುಕ ಹೇಳ್ತೀನಿ, ವಕೀಲರಲ್ಲದವರು ಈ ಪ್ಯಾರಾ ಹಾರಿಸಬಹುದು. ಅಮೆರಿಕದ ಮೂಲ ಎಕ್ಸ್‌ಪೋರ್ಟ್ ಕಾಯ್ದೆ 1979ರದು, ಅದು 2001ರ ಆಗಸ್ಟ್‌ನಲ್ಲಿ ಅವಧಿ ಮುಗಿದು ಸತ್ತೇಹೋಗಿತ್ತು. ಅದರ ಕೆಳಗಿನ ನಿಯಮಗಳನ್ನ ಅಧ್ಯಕ್ಷರು ತುರ್ತುಪರಿಸ್ಥಿತಿ ಘೋಷಿಸಿ ಐಈಪಾ, ಅಂದ್ರೆ ತುರ್ತು ಆರ್ಥಿಕ ಅಧಿಕಾರದ 1977ರ ಕಾಯ್ದೆ ಅಡಿ ಜೀವಂತ ಇಟ್ಟಿದ್ರು, ವರ್ಷ ವರ್ಷ ನವೀಕರಿಸ್ಕೊಂಡು, 2018ರಲ್ಲಿ ಹೊಸ ಕಾಯ್ದೆ ಬರೋವರೆಗೂ. ಅದಕ್ಕೇ ಆ ಕಾಲದ ವಾಣಿಜ್ಯ ಇಲಾಖೆ ಕಡೆಯ ಎಕ್ಸ್‌ಪೋರ್ಟ್ ಕೇಸುಗಳಲ್ಲಿ ಆರೋಪ ಸಾಮಾನ್ಯವಾಗಿ ಐಈಪಾ ಹೆಸರಲ್ಲಿ ಇರುತ್ತೆ. ಜೂನಿಯರ್‌ಗಳು ಹಳೇ ಆದೇಶ ಓದುವಾಗ ತಬ್ಬಿಬ್ಬಾಗೋದು ಇಲ್ಲೇ.

ಆರೋಪಿಗಳಲ್ಲಿ ಇಬ್ಬರು ಅಮೆರಿಕದ ಹೊರಗಿನವರು ಅಂದ್ನಲ್ಲ. ಬೆಂಗಳೂರಲ್ಲಿ ಕೂತವನನ್ನ ಕರೆಸಿಕೊಳ್ಳಬಹುದಾ ಅಂತ ಎಲ್ಲರೂ ಕೇಳ್ತಾರೆ. ಭಾರತ ಅಮೆರಿಕ ಮಧ್ಯೆ 1997ರ ಹಸ್ತಾಂತರ ಒಪ್ಪಂದ ಇದೆ, ಆದ್ರೆ ಅದರಲ್ಲಿ ಮುಖ್ಯ ಷರತ್ತು, ಮಾಡಿದ ಕೆಲಸ ಎರಡೂ ದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಆಗೋ ಅಪರಾಧ ಆಗಿರ್ಬೇಕು. ಇಸ್ರೋಗೆ ಕೆಪಾಸಿಟರ್ ತಂದುಕೊಡೋದು ಭಾರತದಲ್ಲಿ ಯಾವ ಅಪರಾಧ? ವಾದ ಮಾಡೋಕೆ ಚೆನ್ನಾಗಿದೆ. ಆದ್ರೆ ಸುಳ್ಳು ದಾಖಲೆ, ಮೋಸ ಅಂತ ಆರೋಪ ಹೆಣೆದ್ರೆ ಅದೇ ವಾದ ಸಡಿಲ ಆಗುತ್ತೆ. ಅದೂ ಅಲ್ದೆ ಒಪ್ಪಂದ ಕೆಲಸ ಮಾಡದಿದ್ರೂ ಆ ಮನುಷ್ಯ ಮಗಳ ಗ್ರ್ಯಾಜುಯೇಷನ್ನಿಗೆ ಅಂತ ಅಮೆರಿಕಕ್ಕೆ ಹೋಗೋ ಹಾಗಿಲ್ಲ, ಮೂರನೇ ದೇಶದ ಏರ್‌ಪೋರ್ಟ್ ದಾಟುವಾಗಲೂ ಎದೆ ಡವಡವ.

"ಆಮೇಲೆ ಪಟ್ಟಿಯಿಂದ ತೆಗೆದ್ರಲ್ಲ ಸಾರ್"

ಈ ಕೇಸು ಹೇಳಿದಾಗೆಲ್ಲ ಬರೋ ಜಾಣ ಪ್ರಶ್ನೆ ಇದು. ನಿಜ, 2004ರ ಜನವರಿಯಲ್ಲಿ ಎರಡೂ ದೇಶ ಬಾಹ್ಯಾಕಾಶ, ನಾಗರಿಕ ಪರಮಾಣು, ಹೈಟೆಕ್ ವ್ಯಾಪಾರದಲ್ಲಿ ಹತ್ತಿರ ಬರೋ ಕಾರ್ಯಕ್ರಮ ಘೋಷಿಸಿದ್ವು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಇಸ್ರೋ ಹೆಡ್ ಆಫೀಸನ್ನ ಪಟ್ಟಿಯಿಂದ ತೆಗೆದ್ರು, 2005ರಲ್ಲಿ ಇನ್ನಷ್ಟು ಅಂಗಸಂಸ್ಥೆಗಳು ಹೊರಬಂದ್ವು. ಅಂದ್ರೆ ಸಿರಸ್ ಸಾಗಣೆ ನಡೀತಿದ್ದ ಕಾಲದಲ್ಲೇ ಬಾಗಿಲು ಒಂದೊಂದಾಗಿ ತೆರೀತಿತ್ತು. 2011ರ ಜನವರಿಯಲ್ಲಿ ಒಬಾಮಾ ಸರ್ಕಾರ ಒಂಬತ್ತು ಸಂಸ್ಥೆಗಳನ್ನ ಒಟ್ಟಿಗೆ ತೆಗೀತು, ಅದರಲ್ಲಿ ವಿಕ್ರಂ ಸಾರಾಭಾಯಿ ಕೇಂದ್ರವೂ ಇತ್ತು, ಭಾರತ್ ಡೈನಾಮಿಕ್ಸೂ ಇತ್ತು. ಶಿಕ್ಷೆ ಆಗಿ ಮೂರು ವರ್ಷ ಕೂಡ ಆಗಿರ್ಲಿಲ್ಲ. ಭಾರತ 2016ರಲ್ಲಿ ಕ್ಷಿಪಣಿ ತಂತ್ರಜ್ಞಾನ ಗುಂಪು ಎಂಟಿಸಿಆರ್ ಸೇರ್ತು, 2017ರಲ್ಲಿ ಅಸ್ತ್ರ ಮತ್ತು ಸೂಕ್ಷ್ಮ ತಂತ್ರಜ್ಞಾನದ ರಫ್ತಿನ ಮೇಲೆ ಕಣ್ಣಿಡೋ ವಾಸೆನಾರ್ ಗುಂಪು, 2018ರಲ್ಲಿ ರಾಸಾಯನಿಕ, ಜೈವಿಕ ಅಸ್ತ್ರದ ಸಾಮಾನಿನ ಮೇಲೆ ಕಣ್ಣಿಡೋ ಆಸ್ಟ್ರೇಲಿಯಾ ಗ್ರೂಪ್, ಅದೇ ವರ್ಷ ಅಮೆರಿಕ ನಮಗೆ ಹಲವು ಸಾಮಾನು ಬಿಡಿ ಲೈಸೆನ್ಸ್ ಇಲ್ದೆ ಬರೋ ಎಸ್‌ಟಿಎ-1 ದರ್ಜೆ ಕೊಡ್ತು, 2025ರ ಜನವರಿಯಲ್ಲಿ ಬಾಬಾ ಅಣು ಸಂಶೋಧನಾ ಕೇಂದ್ರವೂ ಪಟ್ಟಿಯಿಂದ ಆಚೆ ಬಂತು.

ಇದ್ಯಾವುದೂ ಹಳೇ ಸಾಗಣೆಗೆ ರಕ್ಷಣೆ ಕೊಡಲ್ಲ. ಸಾಮಾನು ಹಡಗೋ ವಿಮಾನವೋ ಹತ್ತಿದ ದಿನ ಪಟ್ಟೀಲಿ ಯಾರಿದ್ರು ಅನ್ನೋದೇ ಲೆಕ್ಕ. ನೀತಿ ಆಮೇಲೆ ಬದಲಾದ್ರೂ ಆಗಿನ ಅಪರಾಧ ಅಪರಾಧವಾಗೇ ಉಳಿಯುತ್ತೆ, ಅಮೆರಿಕದ ಸಾಮಾನ್ಯ ಕಾನೂನಲ್ಲೇ ಹಾಗೆ ಉಳಿಸಿಕೊಳ್ಳೋ ಕಲಮು ಇದೆ. ನ್ಯಾಯವಾ ಅಂತ ಕೇಳಿದ್ರೆ ನನಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಸ್ನೇಹ ಬೆಳೆಸಿಕೊಂಡ ಎರಡು ಸರ್ಕಾರಗಳು ಫೋಟೋಗೆ ನಿಂತಿರುವಾಗ ಅದೇ ಸ್ನೇಹಕ್ಕೆ ಕೆಲವು ವರ್ಷ ಮುಂಚೆ ಸಾಮಾನು ಹೊತ್ತವನು ಒಳಗಿದ್ದ. ಆದ್ರೆ ವಕೀಲನಾಗಿ ನನಗೆ ಇದರಲ್ಲಿ ಕಾಣೋದು ಬೇರೆ, ಬಾಗಿಲು ತೆರೀತಾ ಇದ್ದ ಕಾಲದಲ್ಲಿ ತಟ್ಟಿ ಕೇಳೋ ಬದಲು ಸುತ್ತು ದಾರಿ ಹಿಡಿದ್ರು. ಎಂಟಿಟಿ ಲಿಸ್ಟಲ್ಲಿ ಹೆಸರಿದ್ರೆ ವ್ಯಾಪಾರವೇ ಬಂದ್ ಅಂತ ಅರ್ಥ ಅಲ್ಲ, ಲೈಸೆನ್ಸ್ ಬೇಕು ಅಂತ ಅರ್ಥ. ಅರ್ಜಿ ಹಾಕಿದ್ರೆ ಸಿಗ್ತಿತ್ತೋ ಇಲ್ವೋ, ತಿಂಗಳುಗಟ್ಟಲೆ ಕಾಯಬೇಕಿತ್ತೇನೋ, ಆರ್ಡರ್ ಕೈತಪ್ಪಿ ಹೋಗ್ತಿತ್ತೇನೋ. ತಿರಸ್ಕಾರ ಆದ ಅರ್ಜಿಗೆ ಯಾರನ್ನೂ ಜೈಲಿಗೆ ಹಾಕಲ್ಲ.

ಸಾಗಣೆ ಆಗಿಹೋದ ಮೇಲೂ ಒಂದು ದಾರಿ ಇತ್ತು, ಸ್ವಯಂ ಬಹಿರಂಗ, ಅಂದ್ರೆ ಅವ್ರು ಹುಡುಕಿಕೊಂಡು ಬರೋ ಮುಂಚೆ ನಾವೇ ಹೋಗಿ ಹೀಗಾಗಿದೆ ಅಂತ ಹೇಳೋದು. ವಾಣಿಜ್ಯ ಇಲಾಖೆ, ವಿದೇಶಾಂಗ ಇಲಾಖೆ ಎರಡರ ನಿಯಮದಲ್ಲೂ ಇದಕ್ಕೆ ವ್ಯವಸ್ಥೆ ಇದೆ, ದಂಡ ಕಮ್ಮಿ ಮಾಡೋವಾಗ ದೊಡ್ಡ ತೂಕ ಸಿಗುತ್ತೆ. ಆದ್ರೆ ಇದನ್ನ ನಾನು ಎಲ್ಲರಿಗೂ ಕಣ್ಣು ಮುಚ್ಚಿ ಹೇಳಲ್ಲ. ಕ್ಲರ್ಕ್ ತಪ್ಪಿಗೆ ಹೇಳೋದು ಸುಲಭ. ಬೇಕಂತಲೇ ಸುಳ್ಳು ಸರ್ಟಿಫಿಕೇಟ್ ಕೊಟ್ಟಿರೋ ಫೈಲಲ್ಲಿ ಹೋಗಿ ಹೇಳಿದ್ರೆ ಕ್ರಿಮಿನಲ್ ವಿಭಾಗಕ್ಕೆ ನಾವೇ ಕೇಸು ಕಟ್ಟಿ ಕೊಟ್ಟ ಹಾಗೆ ಆಗಬಹುದು, ಆ ತೀರ್ಮಾನ ಅಮೆರಿಕದ ವಕೀಲರನ್ನ ಕೂರಿಸ್ಕೊಂಡೇ ತಗೋಬೇಕು. ಅಮೆರಿಕನ್ ಕಾನೂನಿನ ಬಗ್ಗೆ ಬೆಂಗಳೂರಿನ ವಕೀಲ ಬರೆದ ಒಪಿನಿಯನ್ ನಂಬಿ ಯಾವ ಬ್ಯಾಂಕೂ ಪೇಮೆಂಟ್ ಬಿಡಲ್ಲ, ಬಿಡಲೂಬಾರದು. ನಮ್ಮ ಕೆಲಸ ಇಲ್ಲಿನ ಸಂಗತಿ ಒಟ್ಟು ಮಾಡೋದು, ಅವ್ರಿಗೆ ಅರ್ಥ ಆಗೋ ಹಾಗೆ ಜೋಡಿಸಿ ಕೊಡೋದು, ಇಲ್ಲಿನ ಕಾನೂನು ನೋಡ್ಕೊಳ್ಳೋದು.

ಈಗ ಕಾಗದ ಕೇಳೋ ಸರದಿ ನಮ್ಮದು

ಇಲ್ಲಿನ ಕಾನೂನು ಅಂದೆ. 2005ರಲ್ಲಿ ನಾವೂ ಸಮೂಹನಾಶಕ ಅಸ್ತ್ರಗಳ ಕಾಯ್ದೆ ಮಾಡಿದ್ವಿ, 2010ರಲ್ಲಿ 1992ರ ವಿದೇಶಿ ವ್ಯಾಪಾರ ಕಾಯ್ದೆಗೆ ಇದಕ್ಕೇ ಅಂತ ಒಂದು ಹೊಸ ಅಧ್ಯಾಯ ಸೇರಿಸಿದ್ವಿ, ಅನುಮತಿ ಇಲ್ದೆ ಹೊರಗೆ ಕಳಿಸಬಾರದ ಸಾಮಾನಿಗೆ ಸ್ಕೊಮೆಟ್ ಪಟ್ಟಿ ಅಂತ ಇದೆ, ಹೆಚ್ಚಿನದನ್ನ ಡಿಜಿಎಫ್‌ಟಿ, ಅಂದ್ರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ನೋಡ್ಕೊಳ್ಳುತ್ತೆ, ಮಿಲಿಟರಿ ಸಾಮಾನಿನ ಆರನೇ ವರ್ಗ ರಕ್ಷಣಾ ಉತ್ಪಾದನಾ ಇಲಾಖೆ, ಪರಮಾಣು ಸಾಮಾನು ಅಣುಶಕ್ತಿ ಇಲಾಖೆ. ಖಾಲಿ ಬಿಟ್ಟಿದ್ದ ಎಂಟನೇ ವರ್ಗವನ್ನ 2017ರಲ್ಲಿ ತುಂಬಿದ ಮೇಲೆ ಎಲೆಕ್ಟ್ರಾನಿಕ್ಸು, ಟೆಲಿಕಾಂ, ಮಷಿನ್ ಟೂಲ್ಸು ಎಲ್ಲಾ ಒಳಗೆ ಬಂದ್ವು, ಪೀಣ್ಯದಲ್ಲಿ ಐದು ಆ್ಯಕ್ಸಿಸ್ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯೋ ಮಷಿನ್, ಮಾಡೋರಿಗೆ ಬಿಸಿ ತಟ್ಟಿದ್ದು ಆಗ. ಪಟ್ಟೀಲಿ ಇಲ್ಲದ ಸಾಮಾನಾದ್ರೂ ಸಮೂಹನಾಶಕ ಅಸ್ತ್ರಕ್ಕೆ ಹೋಗುತ್ತೆ ಅಂತ ಗೊತ್ತಿದ್ರೆ ನಿಲ್ಲಿಸೋ ಅಧಿಕಾರ ನಮ್ಮ ಕಾನೂನಲ್ಲೂ ಇದೆ. ಉಲ್ಲಂಘನೆಗೆ ದಂಡ ಇದೆ. ಅಂದ್ರೆ ಎಂಡ್ ಯೂಸ್ ಕಾಗದ ತುಂಬಿ ಕೊಡ್ತಿದ್ದ ಬೆಂಗಳೂರಿನ ಕಂಪನಿ ಈಗ ಹೊರದೇಶದ ಗಿರಾಕಿ ಹತ್ರ ಅದೇ ಕಾಗದ ಕೇಳ್ಬೇಕು, ಅವನು "ಇಂಡಸ್ಟ್ರಿಯಲ್ ಯೂಸ್" ಅಂತ ಎರಡು ಪದ ಬರೆದು ಕಳಿಸಿದ್ರೆ ಒಪ್ಪಿಕೊಳ್ಳೋ ಹಾಗಿಲ್ಲ.

2024ರ ಅಕ್ಟೋಬರ್ 30ರಂದು ಅಮೆರಿಕ ರಷ್ಯಾಗೆ ಸಾಮಾನು ಪೂರೈಸಿದ ಕಾರಣಕ್ಕೆ ನಿರ್ಬಂಧ ಹಾಕಿದ ನಾನೂರರ ಆಸುಪಾಸಿನ ಹೆಸರುಗಳಲ್ಲಿ ಭಾರತದ 19 ಖಾಸಗಿ ಕಂಪನಿಗಳಿದ್ವು. ದಾರಿ ಅದೇ ಹಳೇದು, ನಡುವೆ ಒಂದು ದೇಶ, ನಡುವೆ ಒಂದು ಟ್ರೇಡಿಂಗ್ ಕಂಪನಿ, ಮೈಕ್ರೋಚಿಪ್ಪು, ವಿಮಾನದ ಬಿಡಿಭಾಗ. ಈ ಸಲ ನಡುವಿನ ದೇಶ ಭಾರತ. ಮತ್ತೆ ಈಗ ಕ್ರಿಮಿನಲ್ ಕೇಸೇ ಬೇಕಾಗಿಲ್ಲ, ಅಮೆರಿಕದ ಖಜಾನೆ ಇಲಾಖೆ ಹೆಸರು ಪಟ್ಟಿಗೆ ಹಾಕಿದ ದಿನ ಡಾಲರ್ ಬರೋದು ನಿಲ್ಲುತ್ತೆ, ಅಮೆರಿಕನ್ ಸಾಫ್ಟ್‌ವೇರ್ ಲೈಸೆನ್ಸ್ ರದ್ದು, ಇಲ್ಲಿನ ಬ್ಯಾಂಕ್ ಮ್ಯಾನೇಜರ್ ಕೂಡ ಮುಖ ಕೊಟ್ಟು ಮಾತಾಡಲ್ಲ. ಸಿರಸ್ ಮಾಲೀಕರಿಗೆ ಕೊನೇಪಕ್ಷ ಒಂದು ಕೋರ್ಟು, ಒಬ್ಬ ಜಡ್ಜ್ ಇದ್ರು. ಈ ಪಟ್ಟಿಯಿಂದ ಹೊರಬರೋಕೆ ಅದೇ ಇಲಾಖೆಗೆ ಅರ್ಜಿ ಬರೆದು ಕಾಯ್ಬೇಕು.

ಇಂಥ ಫೈಲು ಈಗ ನನ್ನ ಟೇಬಲ್ಲಿಗೆ ಬಂದ್ರೆ ಮೊದಲ ಮಾತು, ಹೊರಡಬೇಕಿರೋ ಸಾಗಣೆ ಎಲ್ಲಾ ನಿಲ್ಲಿಸಿ. ಎರಡನೇದು, ಒಂದೇ ಒಂದು ಮೇಲು, ಒಂದೇ ಒಂದು ವಾಟ್ಸಾಪ್ ಮೆಸೇಜು ಡಿಲೀಟ್ ಆಗಬಾರದು, ಯಾಕಂದ್ರೆ ಮೂಲ ತಪ್ಪಿಗಿಂತ ಅಳಿಸಿದ್ದಕ್ಕೆ ಹೆಚ್ಚು ಶಿಕ್ಷೆ ಆದ ಉದಾಹರಣೆಗಳಿವೆ. ಇದಕ್ಕೆ ಮಾಲೀಕರು ಒಪ್ಪುತ್ತಾರೆ. ಒಪ್ಪದೇ ಇರೋದು ಮೂರನೇ ಮಾತಿಗೆ: ಸೇಲ್ಸ್ ಮ್ಯಾನೇಜರಿಗೆ, ಕಾಗದ ತುಂಬಿದ ಆ ಪರ್ಚೇಸ್ ಹುಡುಗೀಗೆ ಬೇರೆ ವಕೀಲರನ್ನ ಇಡಿ, ನಾನು ಕಂಪನಿ ವಕೀಲ, ಅವ್ರ ವಕೀಲ ಅಲ್ಲ ಅಂತ ಅವ್ರಿಗೆ ಮೊದಲೇ ಹೇಳಿ ಆಮೇಲೆ ಮಾತಾಡಿಸ್ತೀನಿ. "ನಮ್ಮನೆ ಮಗು ಥರ ಸಾರ್ ಅವಳು, ಹತ್ತು ವರ್ಷದಿಂದ ಇದಾಳೆ, ಬೇರೆ ವಕೀಲ ಯಾಕೆ, ಅವನು ಅವಳ ತಲೆ ಕೆಡಿಸಿ ನಮ್ಮ ಮೇಲೇ ತಿರುಗಿಸಿಬಿಟ್ರೆ?" ಅಂತಾರೆ. ಸಿರಸ್ ಫೈಲಲ್ಲಿ ಮ್ಯಾನೇಜರ್ ಒಪ್ಪಿಕೊಂಡಿದ್ದು ಮಾಲೀಕರಿಗಿಂತ ಸುಮಾರು ನಾಲ್ಕೂವರೆ ತಿಂಗಳು ಮುಂಚೆ, ಜೈಲು ಇಲ್ದೆ ಮನೆಗೆ ಹೋದ್ರು. ಆ ಎರಡು ತಾರೀಕು ತೋರಿಸಿ, ಇಬ್ಬರಿಗೂ ಒಬ್ಬನೇ ವಕೀಲ ಕೂತಿದ್ರೆ ಯಾರಿಗೆ ಏನು ಸಲಹೆ ಕೊಡ್ತಿದ್ದ ನೀವೇ ಹೇಳಿ ಅಂತೀನಿ, ಆಮೇಲೆ ಬೇರೆ ವಕೀಲರ ಫೀಸು ಯಾರು ಕೊಡೋದು ಅನ್ನೋ ಚರ್ಚೆ ಶುರುವಾಗುತ್ತೆ, ಅದು ಕಂಪನಿಯೇ ಕೊಡ್ಬೇಕು.